ವ್ಯೂಹವೂ ಆಳುಗಳೂ: ಅಮೆರಿಕಾದ ಕಾಲೇಜು ಫುಟ್‌ಬಾಲಿನಲ್ಲಿ ರಕ್ಷಣೆಯ ಏರ್ಪಾಡು

ಫುಟ್‌ಬಾಲ್ ಎಂಬ ಹೆಸರನ್ನು ಕೇಳಿದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಕಾಲಿನಿಂದ ಒದೆಯುವ ದುಂಡುಚೆಂಡು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಅದೇ ಹೆಸರಿನಿಂದ ಕರೆಯಿಸಿಕೊಳ್ಳುವ ಆಟವಾದರೋ ಬೇರೆ. ಅಲ್ಲಿಯ ಚೆಂಡು ಎರಡು ಕಡೆಯೂ ಚೂಪಾದುದು. ಅದನ್ನು ಒದೆಯುವುದಕ್ಕಿಂತ ಹೆಚ್ಚಾಗಿ ಕೈಯಲ್ಲಿ ಹಿಡಿದು ಓಡುವರು, ಇಲ್ಲವೆ ಎಸೆಯುವರು. ೧೮೬೯ನೆಯ ಇಸವಿ ನವೆಂಬರ್ ೬ರಂದು ನ್ಯೂಜೆರ್ಸಿ ಸಂಸ್ಥಾನದಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ವಿದ್ಯಾರ್ಥಿಗಳು ಇದರ ಮೊದಲ ಪಂದ್ಯವನ್ನಾಡಿದರು. ಅಂದಿನ ಆಟಕ್ಕೂ ಇಂದಿನದಕ್ಕೂ ಹೋಲಿಕೆ ಕಡಿಮೆಯಾದರೂ, ಅಂದಿನಿಂದ ಈ ಕ್ರೀಡೆಯು ಆ ದೇಶದ ವಿಶ್ವವಿದ್ಯಾನಿಲಯಗಳ ಜೀವನದಲ್ಲಿ ಹಾಸುಹೊಕ್ಕಾಗಿ ಸೇರಿಹೋಗಿದೆ.

ನಾವು ಈ ಆಟವನ್ನು ಆಡಿದವರಲ್ಲ. ಆದರೆ ಬಹುಕಾಲದಿಂದ ಇದರ ವಿಷಯವಾಗಿ ಓದುತ್ತಲೂ ನೋಡುತ್ತಲೂ ಬಂದವರು. ನಮ್ಮ ಮನಸ್ಸನ್ನು ಸೆಳೆದುದು ಅಂಕಗಳಲ್ಲ, ಒಂದು ಪ್ರಶ್ನೆ. ಶಿಕ್ಷಕನೊಬ್ಬನ ಬಳಿ ಒಂದು ಒಳ್ಳೆಯ ಕ್ರಮವಿದೆ. ಅವನ ಮುಂದೆ ಕೆಲವು ಮಂದಿ ಯುವಕರಿದ್ದಾರೆ. ಕ್ರಮಕ್ಕೆ ತಕ್ಕಂತೆ ಯುವಕರನ್ನು ತಿದ್ದಬೇಕೋ, ಯುವಕರಿಗೆ ತಕ್ಕಂತೆ ಕ್ರಮವನ್ನು ತಿದ್ದಬೇಕೋ? ತರಗತಿಯಲ್ಲಿ ನಿಂತವರಿಗೆಲ್ಲ ಈ ಪ್ರಶ್ನೆ ಪರಿಚಿತವಾದುದೇ. ಆದರೆ ತರಗತಿಯಲ್ಲಿ ತಪ್ಪು ಉತ್ತರದ ಫಲವು ಕಾಣುವುದಕ್ಕೆ ವರ್ಷಗಳು ಹಿಡಿಯುವುವು. ಈ ಆಟದಲ್ಲಿ ಅದು ಶನಿವಾರದ ಮಧ್ಯಾಹ್ನ, ಹತ್ತಾರು ಸಾವಿರ ಜನರ ಎದುರಿನಲ್ಲಿ ಕಂಡುಬರುವುದು. ಆದಕಾರಣ ವಿಷಯವನ್ನು ಅಲ್ಲಿ ಪರೀಕ್ಷಿಸಿ ನೋಡುವುದು ಅನುಕೂಲ.

ಮೊದಲು ಆಟದ ನಿಬಂಧನೆಗಳನ್ನು ಬೇಕಾದಷ್ಟು ಮಟ್ಟಿಗೆ ತಿಳಿದುಕೊಳ್ಳೋಣ. ಮೈದಾನವು ೧೦೦ ಗಜ ಉದ್ದ, ೧೬೦ ಅಡಿ ಅಗಲ. ಒಂದೊಂದು ಪಕ್ಷಕ್ಕೂ ೧೧ ಮಂದಿ. ಚೆಂಡನ್ನು ಪಡೆದ ಪಕ್ಷಕ್ಕೆ ನಾಲ್ಕು ಪ್ರಯತ್ನಗಳುಂಟು. ಅಷ್ಟರಲ್ಲಿ ೧೦ ಗಜ ಮುಂದುವರಿದರೆ ಮತ್ತೆ ನಾಲ್ಕು ಪ್ರಯತ್ನಗಳು ದೊರೆಯುವುವು. ಇಲ್ಲವಾದರೆ ಚೆಂಡು ಎದುರಾಳಿಗಳ ಪಾಲಾಗುವುದು. ಒಂದೊಂದು ಪ್ರಯತ್ನವೂ ಮುಗಿದ ಮೇಲೆ ಆಟ ನಿಲ್ಲುತ್ತದೆ. ಎರಡು ಪಕ್ಷಗಳೂ ಒಂದು ಗೆರೆಯ ಆಚೀಚೆ ಮತ್ತೆ ಸಾಲುಗಟ್ಟಿ ನಿಲ್ಲುವುವು. ಹೀಗೆ ನಿಂತು ನಿಂತು ಆಡುವ ಆಟವಾದುದರಿಂದಲೇ ಇದರಲ್ಲಿ ವ್ಯೂಹರಚನೆಗೆ ಇಷ್ಟು ಪ್ರಾಧಾನ್ಯ. ೧೯೦೬ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಬಹುದೆಂದು ನಿಯಮವಾದ ಮೇಲಂತೂ ರಕ್ಷಣೆಯ ಪಕ್ಷಕ್ಕೆ ಎರಡು ಭಯಗಳು: ಎದುರಾಳಿಯು ಚೆಂಡನ್ನು ಹಿಡಿದು ನುಗ್ಗಬಹುದು, ಇಲ್ಲವೆ ಎಲ್ಲರ ತಲೆಯ ಮೇಲೆ ಎಸೆದುಬಿಡಬಹುದು. ಮುಂದೆ ನಿಂತರೆ ಹಿಂದು ತೆರವು, ಹಿಂದೆ ನಿಂತರೆ ಮುಂದು ತೆರವು. ರಕ್ಷಣೆಯ ಶಾಸ್ತ್ರವೆಲ್ಲ ಹುಟ್ಟಿದುದು ಈ ಇಕ್ಕಟ್ಟಿನಿಂದ.

ಇನ್ನು ಲೆಕ್ಕಕ್ಕೆ ಬರೋಣ. ಆಕ್ರಮಣದ ಪಕ್ಷದಲ್ಲಿ ಐವರು ಭಾರಿ ಆಳುಗಳು ಮುಂದಿನ ಸಾಲಿನಲ್ಲಿ ಒತ್ತಾಗಿ ನಿಲ್ಲುವರು. ಇವರ ನಡುವೆ ನಾಲ್ಕು ಕಂಡಿಗಳು, ಎರಡು ತುದಿಗಳಲ್ಲಿ ಎರಡು, ಒಟ್ಟು ಆರು. ತುದಿಯಲ್ಲಿ ಇನ್ನೊಬ್ಬನು ಬಂದು ನಿಂತರೆ ಏಳು. ಚೆಂಡು ಹಿಡಿದು ಓಡುವವನು ಈ ಕಂಡಿಗಳಲ್ಲಿ ಯಾವುದಾದರೊಂದರಿಂದ ಹೊರಬರಬೇಕು. ಆದುದರಿಂದ ಪ್ರತಿಯೊಂದು ಕಂಡಿಗೂ ಒಬ್ಬ ಕಾವಲುಗಾರನಿರಬೇಕು ಎಂಬುದು ಮೊದಲನೆಯ ಸೂತ್ರ. ಇಲ್ಲಿ ಎರಡು ಮತಗಳುಂಟು. ಒಂದು ಮತದಂತೆ ಒಬ್ಬನಿಗೆ ಒಂದೇ ಕಂಡಿ. ಅವನು ಹಿಂದುಮುಂದು ನೋಡದೆ ಅದರೊಳಕ್ಕೆ ಧುಮುಕಬೇಕು. ಇನ್ನೊಂದು ಮತದಂತೆ ಒಬ್ಬನಿಗೆ ಎರಡು ಕಂಡಿ. ಅವನು ಎದುರಾಳಿಯನ್ನು ತೋಳಿನಿಂದ ತಡೆದು ನಿಲ್ಲಿಸಿ, ಚೆಂಡು ಯಾವ ಪಕ್ಕಕ್ಕೆ ಬರುವುದೋ ನೋಡಿಕೊಂಡು ಆ ಪಕ್ಕಕ್ಕೆ ಬೀಳಬೇಕು. ಮೊದಲನೆಯದಕ್ಕೆ ಬೇಕಾದುದು ಚುರುಕು. ಎರಡನೆಯದಕ್ಕೆ ತೂಕ, ಬಲ, ಸೈರಣೆ. ಮುಂದೆ ಹೇಳುವುದೆಲ್ಲ ಈ ಒಂದು ಭೇದದ ವಿಸ್ತಾರವೇ.

ವ್ಯೂಹಗಳಿಗೆ ಅಂಕಿಗಳಿಂದಲೇ ಹೆಸರು. ಮೊದಲನೆಯ ಅಂಕಿ ಮುಂಚೂಣಿಯವರ ಸಂಖ್ಯೆ. ಎರಡನೆಯದು ಅವರ ಬೆನ್ನಿಗೆ ನಿಲ್ಲುವ ಲೈನ್‌ಬ್ಯಾಕರುಗಳ ಸಂಖ್ಯೆ. ಉಳಿದವರು ಹಿಂದಿನ ಕಾವಲಿನವರು. ಓಕ್ಲಹೋಮಾ ವಿಶ್ವವಿದ್ಯಾನಿಲಯದಲ್ಲಿ ೧೯೪೭ರಿಂದ ೧೯೬೩ರ ವರೆಗೆ ಶಿಕ್ಷಕನಾಗಿದ್ದ ಬಡ್ ವಿಲ್ಕಿನ್‌ಸನ್ನನು ೫-೨ ಎಂಬ ವ್ಯೂಹವನ್ನು ಪ್ರಸಿದ್ಧಿಗೆ ತಂದನು. ೧೯೫೩ರಿಂದ ೧೯೫೭ರ ವರೆಗೆ ಅವನ ತಂಡವು ಎಡೆಬಿಡದೆ ೪೭ ಪಂದ್ಯಗಳನ್ನು ಗೆದ್ದಿತು. ಅದರ ಐವರಲ್ಲಿ ತುದಿಯ ಇಬ್ಬರು ನೆಲಕ್ಕೆ ಕೈಯೂರದೆ ನೆಟ್ಟಗೆ ನಿಂತರೆ ಮೂವರು ಮುಂದೆ, ನಾಲ್ವರು ಅವರ ಹಿಂದೆ ಆದಂತಾಯಿತು, ಅದೇ ೩-೪. ಈ ವ್ಯೂಹದ ಪ್ರಾಣವು ನಡುವೆ ನಿಲ್ಲುವ ಒಬ್ಬನಲ್ಲಿದೆ. ಅವನಿಗೆ ನೋಸ್ ಟ್ಯಾಕಲ್, ಎಂದರೆ ಮೂಗಿನ ನೇರದ ಆಳು, ಎಂದು ಹೆಸರು. ಎದುರಿನ ಇಬ್ಬರು ಸೇರಿ ತಳ್ಳಿದರೂ ಕದಲದೆ ನಿಲ್ಲುವುದು ಅವನ ಕೆಲಸ. ಅವನು ಇಬ್ಬರನ್ನು ಕಟ್ಟಿಹಾಕಿದರೆ ಹಿಂದಿನವನೊಬ್ಬನು ಬಿಡುವಾಗುವನು. ಅವನು ಕದಲಿದರೆ ಉಳಿದ ಹತ್ತು ಮಂದಿಯ ಲೆಕ್ಕವೂ ತಪ್ಪುವುದು.

ಇಂಥ ಆಳು ಎಲ್ಲಿ ಸಿಕ್ಕಿಯಾನು? ಇಪ್ಪತ್ತು ವರ್ಷದ ವಯಸ್ಸಿನಲ್ಲಿ ೩೨೦ ಪೌಂಡು ತೂಗಿ, ಅಷ್ಟಾದರೂ ಹಗುರವಾಗಿ ಹೆಜ್ಜೆಯಿಡಬಲ್ಲ ಯುವಕನು ಒಂದು ಸಂಸ್ಥಾನದಲ್ಲಿ ವರ್ಷಕ್ಕೊಬ್ಬನು ದೊರೆತರೆ ಹೆಚ್ಚು. ಅಲಬಾಮಾ ವಿಶ್ವವಿದ್ಯಾನಿಲಯಕ್ಕೆ ೨೦೦೭ರಲ್ಲಿ ಬಂದ ನಿಕ್ ಸೇಬನ್ನನಿಗೆ ಮರು ವರ್ಷವೇ ಟೆರೆನ್ಸ್ ಕೋಡಿ ಎಂಬ, ಸುಮಾರು ೩೫೦ ಪೌಂಡು ತೂಕದ ಆಟಗಾರನು ದೊರೆತನು. ೨೦೦೯ರಲ್ಲಿ ಟೆನೆಸೀ ತಂಡದ ಮೇಲೆ ೧೨ಕ್ಕೆ ೧೦ರಂತೆ ಗೆದ್ದ ಪಂದ್ಯದ ಕೊನೆಯ ಒದೆತವನ್ನು ತಡೆದವನು ಇವನೇ. ಆ ವರ್ಷ ತಂಡವು ರಾಷ್ಟ್ರದ ಅಗ್ರಸ್ಥಾನವನ್ನು ಪಡೆಯಿತು. ಆದರೆ ಅಲಬಾಮಾದಂಥ ಕೀರ್ತಿಯೂ ಸಂಪತ್ತೂ ಉಳ್ಳ ಸಂಸ್ಥೆಗೆ ದೊರೆಯುವ ಆಳು ಎಲ್ಲರಿಗೂ ದೊರೆಯಲಾರನು. ಅವನನ್ನು ಕಾಣದೆ ಅವನ ವ್ಯೂಹವನ್ನು ಮಾತ್ರ ಅನುಕರಿಸುವವರ ಪಾಡು, ಕಂಬವಿಲ್ಲದೆ ಮಾಡು ಕಟ್ಟಿದವರ ಪಾಡು.

ಇನ್ನೊಂದು ಪ್ರಸಿದ್ಧವಾದ ವ್ಯೂಹವು ೪-೩. ಇದರಲ್ಲಿ ನಾಲ್ವರು ಮುಂಚೂಣಿಯವರು. ಸಾಮಾನ್ಯವಾಗಿ ಒಬ್ಬೊಬ್ಬನಿಗೆ ಒಂದೊಂದೇ ಕಂಡಿ. ಆದುದರಿಂದ ಭಾರಕ್ಕಿಂತ ವೇಗವು ಮುಖ್ಯ. ಇದನ್ನು ಬಲ್ಲಂತೆ ಬಳಸಿದವನು ೧೯೮೪ರಲ್ಲಿ ಫ್ಲಾರಿಡಾದ ಮಯಾಮಿ ವಿಶ್ವವಿದ್ಯಾನಿಲಯಕ್ಕೆ ಬಂದ ಜಿಮ್ಮಿ ಜಾನ್‌ಸನ್. ಆ ಸಂಸ್ಥಾನದ ಪ್ರೌಢಶಾಲೆಗಳಲ್ಲಿ ಓಟಗಾರರಿಗೆ ಬರವಿಲ್ಲ. ಇವನು ಒಬ್ಬೊಬ್ಬ ಹುಡುಗನನ್ನೂ ಒಂದೊಂದು ಹೆಜ್ಜೆ ಮುಂದಕ್ಕೆ ತಂದನು: ಹಿಂದಿನ ಕಾವಲಿಗೆ ತಕ್ಕವನನ್ನು ಲೈನ್‌ಬ್ಯಾಕರಾಗಿಯೂ, ಲೈನ್‌ಬ್ಯಾಕರಿಗೆ ತಕ್ಕವನನ್ನು ಮುಂಚೂಣಿಯ ತುದಿಗೂ, ತುದಿಗೆ ತಕ್ಕವನನ್ನು ನಡುವಿಗೂ ನಿಲ್ಲಿಸಿದನು. ಪ್ರತಿಯೊಂದು ಸ್ಥಾನದಲ್ಲಿಯೂ ಎದುರಾಳಿಗಿಂತ ಹಗುರ, ಆದರೆ ಎದುರಾಳಿಗಿಂತ ಚುರುಕು. ಆ ಕಾಲದ ಓಕ್ಲಹೋಮಾ ತಂಡವು ವಿಷ್‌ಬೋನ್ ಎಂಬ ಓಟದ ಕ್ರಮದಲ್ಲಿ ಪ್ರಚಂಡವಾದುದಾಗಿತ್ತು. ೧೯೮೫, ೧೯೮೬, ೧೯೮೭ ಈ ಮೂರು ಋತುಗಳಲ್ಲಿಯೂ ಅದು ೧೧ ಪಂದ್ಯಗಳನ್ನು ಗೆದ್ದು ಒಂದೊಂದನ್ನೇ ಸೋತಿತು. ಮೂರು ಸಲವೂ ಸೋತುದು ಮಯಾಮಿಗೆ. ಮೂರನೆಯ ಸೋಲು, ೧೯೮೮ನೆಯ ಇಸವಿ ಜನವರಿ ೧ರಂದು ೨೦ಕ್ಕೆ ೧೪ರಂತೆ ಆದುದು, ರಾಷ್ಟ್ರದ ಅಗ್ರಸ್ಥಾನವನ್ನೇ ಮಯಾಮಿಗೆ ಕೊಟ್ಟಿತು.

ಇಲ್ಲಿ ಒಂದು ಸಂದೇಹ ಹುಟ್ಟಬಹುದು. ಬೇಕಾದ ಆಳನ್ನು ಹಣ ಕೊಟ್ಟು ತರಬಾರದೆ? ವೃತ್ತಿಪರ ತಂಡಗಳು ಹಾಗೆಯೇ ಮಾಡುವುವು. ಕಾಲೇಜಿನ ಸ್ಥಿತಿ ಬಹುಕಾಲದ ವರೆಗೆ ಬೇರೆಯಾಗಿತ್ತು. ೧೯೯೪ರಿಂದ ೨೦೨೪ರ ವರೆಗೆ ದೊಡ್ಡ ತಂಡವೊಂದು ಏಕಕಾಲಕ್ಕೆ ೮೫ ಮಂದಿಗಿಂತ ಹೆಚ್ಚಿನವರಿಗೆ ವಿದ್ಯಾರ್ಥಿವೇತನ ಕೊಡುವಂತಿರಲಿಲ್ಲ. ೨೦೨೧ರಿಂದ ಆಟಗಾರರು ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗುವುದು ಸುಲಭವಾಯಿತು; ಅದೇ ವರ್ಷ ತಮ್ಮ ಹೆಸರಿನಿಂದ ಹಣ ಸಂಪಾದಿಸಲು ಅವರಿಗೆ ಅನುಮತಿಯೂ ದೊರೆಯಿತು; ೨೦೨೫ರಲ್ಲಿ ವಿದ್ಯಾರ್ಥಿವೇತನದ ಮಿತಿ ಹೋಗಿ ತಂಡಕ್ಕೆ ೧೦೫ ಮಂದಿ ಎಂಬ ಮಿತಿ ಬಂದಿತು. ಹೀಗೆ ಬಾಗಿಲು ಅಗಲವಾಗಿದೆ; ಆದರೂ ಅದು ಹಣವುಳ್ಳವರಿಗೆ ಹೆಚ್ಚು ಅಗಲ. ಅದೂ ಅಲ್ಲದೆ ಯುವಕರು ನಾಲ್ಕೈದು ವರ್ಷಗಳಲ್ಲಿ ಹೊರಟುಹೋಗುವರು. ಋತುವಿನ ಕಾಲದಲ್ಲಿ ಕಡ್ಡಾಯವಾದ ಅಭ್ಯಾಸಕ್ಕೆ ವಾರಕ್ಕೆ ೨೦ ಗಂಟೆಗಳ ಮಿತಿಯುಂಟು. ಆದುದರಿಂದ ವ್ಯೂಹವನ್ನು ಆರಿಸುವವನು ಮೂರು ವಿಷಯಗಳನ್ನು ಕೇಳಿಕೊಳ್ಳಬೇಕಾಗುವುದು: ನನ್ನ ನೆರೆಯ ಊರುಗಳಲ್ಲಿ ಬೆಳೆಯುವ ಹುಡುಗರು ಎಂಥವರು? ನನ್ನ ಎದುರಾಳಿಗಳು ನುಗ್ಗುವವರೋ, ಎಸೆಯುವವರೋ? ಇಷ್ಟು ಗಂಟೆಗಳಲ್ಲಿ ನಾನು ಕಲಿಸಬಲ್ಲುದೆಷ್ಟು?

ಈ ಪ್ರಶ್ನೆಗಳಿಗೆ ಒಳ್ಳೆಯ ಉತ್ತರ ಕೊಟ್ಟವರಲ್ಲಿ ಗ್ಯಾರಿ ಪ್ಯಾಟರ್‌ಸನ್ ಒಬ್ಬನು. ಟೆಕ್ಸಾಸ್ ಸಂಸ್ಥಾನದ ಫೋರ್ಟ್ ವರ್ತ್ ನಗರದಲ್ಲಿರುವ ಟೆಕ್ಸಾಸ್ ಕ್ರಿಶ್ಚಿಯನ್ ವಿಶ್ವವಿದ್ಯಾನಿಲಯವು ದೊಡ್ಡ ಸಂಸ್ಥೆಯಲ್ಲ. ಆ ಸಂಸ್ಥಾನದ ಹೆಸರಾಂತ ಆಟಗಾರರು ಮೊದಲು ನೋಡುವುದು ಬೇರೆ ಕಡೆಗೆ. ಪ್ಯಾಟರ್‌ಸನ್ನನು ನೆಚ್ಚಿದುದು ೪-೨-೫ ವ್ಯೂಹವನ್ನು. ಐವರು ಹಿಂದಿನ ಕಾವಲಿನವರು, ಅವರಲ್ಲಿ ಮೂವರು ಸೇಫ್ಟಿಗಳು. ಇದರ ಗುಣವೇನೆಂದರೆ, ಅಪೂರ್ವವಾದ ಮಹಾಕಾಯರನ್ನು ಅದು ಕಡಿಮೆ ಕೇಳುತ್ತದೆ. ಸುಮಾರು ೨೦೦ ಪೌಂಡು ತೂಕದ, ಓಡಬಲ್ಲ, ಕೆಡವಬಲ್ಲ ಯುವಕರನ್ನು ಹೆಚ್ಚಾಗಿ ಕೇಳುತ್ತದೆ. ಅಂಥವರು ಟೆಕ್ಸಾಸಿನ ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ಉಂಟು. ಅಲ್ಲಿ ಚೆಂಡು ಹಿಡಿದು ಓಡುತ್ತಿದ್ದವನನ್ನು ತಂದು ಇಲ್ಲಿ ರಕ್ಷಣೆಗೆ ನಿಲ್ಲಿಸಿದರು. ಜೆರಿ ಹ್ಯೂಸ್ ಎಂಬುವನು ಶಾಲೆಯಲ್ಲಿ ಓಟಗಾರನಾಗಿದ್ದವನು. ಇಲ್ಲಿ ಮುಂಚೂಣಿಯ ತುದಿಯಲ್ಲಿ ಆಡಿ, ೨೦೧೦ರಲ್ಲಿ ವೃತ್ತಿಪರ ತಂಡಗಳ ಮೊದಲ ಸುತ್ತಿನ ಆಯ್ಕೆಯಲ್ಲಿಯೇ ಸೇರಿದನು. ೨೦೧೧ನೆಯ ಇಸವಿ ಜನವರಿ ೧ರಂದು ಈ ತಂಡವು ರೋಸ್ ಬೌಲ್ ಪಂದ್ಯದಲ್ಲಿ ವಿಸ್ಕಾನ್ಸಿನ್ನಿನ ಮುನ್ನೂರು ಪೌಂಡು ಮೀರಿದ ಮುಂಚೂಣಿಯನ್ನು ಎದುರಿಸಿ ೨೧ಕ್ಕೆ ೧೯ರಂತೆ ಗೆದ್ದು, ೧೩ ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಋತುವನ್ನು ಮುಗಿಸಿತು. ಕೊನೆಯ ಗಳಿಗೆಗಳಲ್ಲಿ ಸಮಮಾಡಬಹುದಾಗಿದ್ದ ಎಸೆತವನ್ನು ಕೈಯಿಂದ ಹೊಡೆದು ಕೆಡವಿದವನು ಟ್ಯಾಂಕ್ ಕಾರ್ಡರ್ ಎಂಬ ಲೈನ್‌ಬ್ಯಾಕರು.

ಕಾಲವೂ ಈ ಬಗೆಯ ವ್ಯೂಹಗಳಿಗೆ ಅನುಕೂಲವಾಯಿತು. ಈ ಶತಮಾನದ ಮೊದಲಿನಿಂದ ಆಕ್ರಮಣದ ಪಕ್ಷಗಳು ತಮ್ಮ ಆಳುಗಳನ್ನು ಮೈದಾನದ ಅಗಲಕ್ಕೂ ಚದುರಿಸಿ ನಿಲ್ಲಿಸಿ, ಬೇಗಬೇಗನೆ ಎಸೆದು ಆಡುವ ರೂಢಿ ಹಬ್ಬಿತು. ೨೪೦ ಪೌಂಡಿನ ಲೈನ್‌ಬ್ಯಾಕರನು ಅಂಚಿನಲ್ಲಿ ಓಡುವ ಹಗುರ ಹುಡುಗನನ್ನು ಹಿಂಬಾಲಿಸಲಾರನು. ಅವನನ್ನು ತೆಗೆದು ಐದನೆಯ ಕಾವಲಿನವನನ್ನು ತರುವರು. ಇದಕ್ಕೆ ಐದು ಸೆಂಟಿನ ನಾಣ್ಯದ ಹೆಸರಾದ ನಿಕಲ್ ಎಂದೇ ಹೆಸರು. ಮೊದಲು ಅಪರೂಪಕ್ಕೆ ಬರುತ್ತಿದ್ದ ಈ ಐದನೆಯವನು ಈಗ ಬಹು ತಂಡಗಳಲ್ಲಿ ನಿತ್ಯದ ಆಟಗಾರನಾಗಿದ್ದಾನೆ. ಅಲಬಾಮಾ ಕೂಡ ೨೦೧೨ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ತಂಡದ ಜಾನಿ ಮ್ಯಾನ್‌ಜೆಲ್ ಎಂಬುವನ ಓಟದ ಮುಂದೆ ೨೯ಕ್ಕೆ ೨೪ರಂತೆ ಸೋತ ತರುವಾಯ, ಹಗುರರೂ ಚುರುಕಾದವರೂ ಆದ ಆಳುಗಳ ಕಡೆಗೆ ತಿರುಗಿತು. ಬಲ್ಲಿದರೂ ಬದಲಾಗಬೇಕಾಯಿತು.

ಆದರೆ ನಮಗೆ ಎಲ್ಲಕ್ಕಿಂತ ರುಚಿಸಿದ ಉದಾಹರಣೆಯು ಅಯೋವಾ ಸ್ಟೇಟ್ ವಿಶ್ವವಿದ್ಯಾನಿಲಯದ್ದು. ಏಮ್ಸ್ ಎಂಬ ಊರು, ಸುತ್ತಲೂ ಮುಸುಕಿನ ಜೋಳದ ಹೊಲಗಳು. ದೊಡ್ಡ ಆಟಗಾರರ ಸುಗ್ಗಿ ಅಲ್ಲಿಲ್ಲ. ೨೦೧೬ರಲ್ಲಿ ಹೊಸ ಶಿಕ್ಷಕನಾದ ಮ್ಯಾಟ್ ಕ್ಯಾಂಬೆಲ್ಲನ ತಂಡವು ಮೂರು ಗೆದ್ದು ಒಂಬತ್ತು ಸೋತಿತು. ೨೦೧೭ರಲ್ಲಿ ಅವನ ರಕ್ಷಣೆಯ ಮುಖ್ಯಸ್ಥನಾದ ಜಾನ್ ಹೀಕಾಕ್ ಮುಂಚೂಣಿಯಲ್ಲಿ ಮೂವರನ್ನೇ ಇರಿಸಿ, ಹಿಂದೆ ಮೂವರು ಸೇಫ್ಟಿಗಳನ್ನು ನಿಲ್ಲಿಸಿದನು. ನಡುವಿನ ಸೇಫ್ಟಿಯು ಎಸೆತವಾದರೆ ಹಿಂದೆ, ಓಟವಾದರೆ ಮುಂದೆ. ಎದುರಾಳಿಗೆ ಅವನ ಉದ್ದೇಶವು ಚೆಂಡು ಕದಲುವ ತನಕ ತಿಳಿಯದು. ಮುಂಚೂಣಿಗೆ ಒಳ್ಳೆಯ ಆಳುಗಳು ನಾಲ್ವರು ದೊರೆಯದಿದ್ದರೆ ಮೂವರಿಂದಲೇ ಸಾಗಿಸೋಣ, ದೊರೆಯುವ ಮಧ್ಯಮಗಾತ್ರದ ಬುದ್ಧಿವಂತರನ್ನು ಹಿಂದೆ ಹೆಚ್ಚಿಸೋಣ ಎಂಬುದು ಇದರ ತಾತ್ಪರ್ಯ. ನಮ್ಮವರ ಗಾದೆಯಂತೆ ಹಾಸಿಗೆಯಿದ್ದಷ್ಟು ಕಾಲುಚಾಚಿದುದು.

ಆ ತಂಡದ ನಡುವಿನ ಲೈನ್‌ಬ್ಯಾಕರು ಜೋಯೆಲ್ ಲ್ಯಾನಿಂಗ್. ಅವನು ಹಿಂದಿನ ಎರಡು ವರ್ಷಗಳಲ್ಲಿ ಕ್ವಾರ್ಟರ್‌ಬ್ಯಾಕ್, ಎಂದರೆ ಆಕ್ರಮಣದ ಸೂತ್ರಧಾರನಾಗಿ, ಆಡಿದವನು. ಸ್ಥಾನ ಬೇರೊಬ್ಬನ ಪಾಲಾದಾಗ ಅವನಿಗೆ ಉಳಿದಿದ್ದುದು ಒಂದೇ ವರ್ಷ. ಆ ಒಂದು ವರ್ಷದಲ್ಲಿ ಆಟದ ಇನ್ನೊಂದು ಬದಿಯನ್ನೇ ಕಲಿತನು. ಎಸೆಯುವವನ ಕಣ್ಣು ಎಲ್ಲಿ ಓಡುವುದೆಂಬುದನ್ನು, ತಾನೇ ಎಸೆದು ಬಲ್ಲವನಿಗಿಂತ ಬೇರೆ ಯಾರು ಬಲ್ಲರು? ೨೦೧೭ನೆಯ ಇಸವಿ ಅಕ್ಟೋಬರ್ ೭ರಂದು ದೇಶದಲ್ಲಿ ಮೂರನೆಯ ಸ್ಥಾನದಲ್ಲಿದ್ದ ಓಕ್ಲಹೋಮಾವನ್ನು ಅದರ ಮೈದಾನದಲ್ಲಿಯೇ ಈ ತಂಡವು ೩೮ಕ್ಕೆ ೩೧ರಂತೆ ಸೋಲಿಸಿತು. ಲ್ಯಾನಿಂಗನು ಆ ದಿನ ರಕ್ಷಣೆಯಲ್ಲಿಯೂ ಆಕ್ರಮಣದಲ್ಲಿಯೂ ಆಡಿದನು. ಮುಂದಿನ ವರ್ಷಗಳಲ್ಲಿ ಅನೇಕ ತಂಡಗಳು ಈ ಮೂವರು ಸೇಫ್ಟಿಗಳ ವ್ಯೂಹವನ್ನು ಅನುಕರಿಸಿದುವು.

ಅನುಕರಣದ ಅಪಾಯವನ್ನೂ ಹೇಳದೆ ಬಿಡಬಾರದು. ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ೨೦೦೮ರಲ್ಲಿ ರಿಚ್ ರಾಡ್ರಿಗೆಸ್ ಮುಖ್ಯ ಶಿಕ್ಷಕನಾಗಿ ಬಂದನು. ಅವನು ಹಿಂದೆ ಇದ್ದ ವೆಸ್ಟ್ ವರ್ಜೀನಿಯಾದಲ್ಲಿ ೩-೩-೫ ವ್ಯೂಹವು ಚೆನ್ನಾಗಿ ಫಲಿಸಿತ್ತು. ಆದರೆ ಅದನ್ನು ಅಲ್ಲಿ ಕಲಿಸಿದ್ದ ಸಹಾಯಕನು ಅಲ್ಲಿಯೇ ಉಳಿದನು. ೨೦೧೦ರಲ್ಲಿ ಮಿಷಿಗನ್ ಅದೇ ವ್ಯೂಹವನ್ನು ಬೇರೊಬ್ಬನ ಕೈಯಲ್ಲಿ ಆಡಿತು. ಪಂದ್ಯವೊಂದಕ್ಕೆ ಸರಾಸರಿ ೩೫ ಅಂಕಗಳನ್ನು ಎದುರಾಳಿಗಳಿಗೆ ಒಪ್ಪಿಸಿತು. ೨೦೧೧ರಲ್ಲಿ ಗ್ರೆಗ್ ಮ್ಯಾಟಿಸನ್ ಬಂದು ನಾಲ್ವರ ಮುಂಚೂಣಿಗೆ ಹಿಂದಿರುಗಿದನು. ಆಟಗಾರರು ಬಹುಪಾಲು ಹಿಂದಿನವರೇ. ಕೊಟ್ಟ ಅಂಕಗಳು ಸರಾಸರಿ ೧೭ಕ್ಕೆ ಇಳಿದುವು. ಇದೆಲ್ಲವೂ ವ್ಯೂಹದ ಮಹಿಮೆಯೆಂದು ನಾವು ಹೇಳುವುದಿಲ್ಲ. ಕಲಿಸುವವನ ಅನುಭವವೂ ಅದೃಷ್ಟವೂ ಸೇರಿರಬೇಕು. ಆದರೂ ಒಂದು ವಿಷಯ ಸ್ಪಷ್ಟ. ಹಿಂದಿನ ವರ್ಷ ಈ ಹುಡುಗರು ಕೈಲಾಗದವರೆನಿಸಿಕೊಂಡಿದ್ದರು, ಅವರು ಕೈಲಾಗದವರಾಗಿರಲಿಲ್ಲ.

ವ್ಯೂಹಕ್ಕೆ ಆಳನ್ನು ಬಗ್ಗಿಸುವುದರಲ್ಲಿ ಸೋಲಿಗಿಂತ ದೊಡ್ಡದಾದ ಇನ್ನೊಂದು ಹಾನಿಯುಂಟು. ಮೂಗಿನ ಸ್ಥಾನಕ್ಕೆ ಆಳಿಲ್ಲವೆಂದು ೨೬೦ ಪೌಂಡಿನ ಯುವಕನನ್ನು ಬಲವಂತದಿಂದ ಉಣ್ಣಿಸಿ ೩೦೦ಕ್ಕೆ ಏರಿಸುವ ಪದ್ಧತಿ ಇಲ್ಲದೆ ಇಲ್ಲ. ಅಷ್ಟು ಭಾರವು ಮೊಣಕಾಲಿಗೂ ಹೃದಯಕ್ಕೂ ನಿದ್ರೆಗೂ ಒಳ್ಳೆಯದಲ್ಲವೆಂದು ವೈದ್ಯರು ಎಚ್ಚರಿಸುತ್ತಲೇ ಇದ್ದಾರೆ. ಕಾಲೇಜಿನ ಆಟಗಾರರಲ್ಲಿ ಬಹು ಮಂದಿ ವೃತ್ತಿಪರರಾಗುವುದಿಲ್ಲ. ಆಟ ನಾಲ್ಕು ವರ್ಷದ್ದು, ದೇಹ ಜನ್ಮದ್ದು. ಈ ಲೆಕ್ಕವು ಯಾವ ಅಂಕಪಟ್ಟಿಯಲ್ಲಿಯೂ ಬರುವುದಿಲ್ಲ.

ಈಗ ನಮ್ಮ ಒಂದು ಮಾತು. ಕೆಲವು ವರ್ಷಗಳ ಹಿಂದೆ, ನಾವು ಆಗ ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ, ಹತ್ತು ವರ್ಷ ತಿದ್ದಿ ತೀಡಿದ ಟಿಪ್ಪಣಿಗಳು ನಮ್ಮಲ್ಲಿದ್ದುವು. ಇಂಗ್ಲಿಷಿನಲ್ಲಿ ಓದಿಬಂದ ಪೇಟೆಯ ಹುಡುಗರಿಗೆ ಅವು ಚೆನ್ನಾಗಿ ಹಿಡಿಸಿದ್ದುವು. ಒಂದು ವರ್ಷ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚಾಗಿ ಹಳ್ಳಿಯ ಕನ್ನಡ ಶಾಲೆಗಳಿಂದ ಬಂದವರಿದ್ದರು. ನಾವು ಟಿಪ್ಪಣಿಯ ಒಂದು ಸಾಲನ್ನೂ ಬದಲಾಯಿಸಲಿಲ್ಲ. ಮಟ್ಟವನ್ನು ಇಳಿಸಬಾರದು ಎಂಬುದು ನಮ್ಮ ಅಭಿಮಾನ. ಫಲಿತಾಂಶ ಬಂದಾಗ ಹುಡುಗರನ್ನು ಹಳಿದೆವು. ಅವರಲ್ಲೊಬ್ಬನು, ಲೆಕ್ಕವನ್ನು ಬಾಯಲ್ಲಿಯೇ ಮಾಡಿಬಿಡುತ್ತಿದ್ದವನು, ಪರೀಕ್ಷೆಗೂ ಕೂರದೆ ಊರಿಗೆ ಹೊರಟುಹೋದನು. ಅವನು ಏನನ್ನು ಬಲ್ಲನೆಂದು ನಾವು ವರ್ಷವೆಲ್ಲ ಒಂದು ಸಲವೂ ವಿಚಾರಿಸಿರಲಿಲ್ಲ. ಆ ಟಿಪ್ಪಣಿಗಳು ನಮ್ಮ ೩-೪ ಆಗಿದ್ದುವು. ಮೂಗಿನ ಆಳು ಇಲ್ಲವೆಂಬುದನ್ನು ನೋಡುವ ಕಣ್ಣು ನಮಗಿರಲಿಲ್ಲ.

ಕ್ರಮವೇ ಬೇಡವೆಂದು ಇದರ ಅರ್ಥವಲ್ಲ. ಆರು ಕಂಡಿಗಳಿಗೂ ಕಾವಲಿರಲೇಬೇಕು, ಅದರಲ್ಲಿ ವಿನಾಯಿತಿಯಿಲ್ಲ. ಮೂವರು ಕಾಯುವರೋ, ನಾಲ್ವರೋ, ನಿಂತು ಕಾಯುವರೋ, ಧುಮುಕಿ ಕಾಯುವರೋ ಎಂಬುದು ಮಾತ್ರ ಆಳನ್ನು ನೋಡಿ ಗೊತ್ತುಮಾಡಬೇಕಾದುದು. ಪ್ಯಾಟರ್‌ಸನ್ನನೂ ಹೀಕಾಕನೂ ಗುರಿಯನ್ನು ಇಳಿಸಲಿಲ್ಲ; ಗುರಿಗೆ ಹೋಗುವ ದಾರಿಯನ್ನು ತಮ್ಮ ಹುಡುಗರ ಕಾಲಿಗೆ ತಕ್ಕಂತೆ ಹಾಕಿದರು. ಮುಂದಿನ ಶರತ್ಕಾಲದಲ್ಲಿ ಈ ಆಟವನ್ನು ನೋಡುವ ಅವಕಾಶ ಒದಗಿದವರು ಚೆಂಡಿನ ಕಡೆಗೆ ನೋಡುವ ಮೊದಲು, ಅದು ಕದಲುವ ಮುಂಚಿನ ಕ್ಷಣದಲ್ಲಿ, ರಕ್ಷಣೆಯ ಹನ್ನೊಂದು ಮಂದಿ ಎಲ್ಲೆಲ್ಲಿ ನಿಂತಿದ್ದಾರೆಂಬುದನ್ನು ಎಣಿಸಲಿ. ಆ ಎಣಿಕೆಯಲ್ಲಿ ಅವರ ಶಿಕ್ಷಕನು ತನ್ನ ಹುಡುಗರನ್ನು ಎಷ್ಟು ಮಟ್ಟಿಗೆ ಅರಿತಿದ್ದಾನೆಂಬುದು ತಿಳಿದುಬರುವುದು.